ಗಾಜು ತಿಕ್ಕುವ ಮೀನು

ನನಗೆ ಸುಮ್ಮನೆ ಕೂಡಲು ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಲೆಕ್ಕ ಬರುವುದಿಲ್ಲ, ನನಗೆ ಇದು. ದೇವರ ಮುಂದೆ ಕೂತರೂ ಬತ್ತಿ ಸರಿಮಾಡುತ್ತಿರುತ್ತೇನೆ, ಬಸ್ಸಿನಲ್ಲಿ ಕೂತರೆ ಪಕ್ಕದವರ ಚೀಲ ನೆಟ್ಟಗೆ ನಿಲ್ಲಿಸುತ್ತೇನೆ. ವಯಸ್ಸಾದ ಮೇಲೆ ಆರಾಮಾಗಿ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರಲ್ಲಿ ಮುದುಕಿಯರು ಒಬ್ಬರೂ ಇಲ್ಲ. ನಮ್ಮ ಸವದತ್ತಿಯ ಮನೆಯಲ್ಲಿ ಅಡುಗೆಮನೆ ಸೊಸೆ ಗಿರಿಜಾಳದು. ನಾನೇ ಬಿಟ್ಟುಕೊಟ್ಟೆ ಎಂದು ಓಣಿಗೆ ಹೇಳಿದ್ದೇನೆ, ಅವಳು ತೆಗೆದುಕೊಂಡಳು ಎಂಬುದು ನಿಜ. ಕಸ ಮುಸುರೆಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಅವಳು ತೊಳೆದ ಪಾತ್ರೆಯನ್ನು ನಾನು ಇನ್ನೊಮ್ಮೆ ತೊಳೆಯುತ್ತಿದ್ದೆ. ಹಾಗಾದರೆ ನಾಳೆಯಿಂದ ನೀವೇ ತೊಳೆದುಕೊಳ್ಳಿ ಎಂದು ಅವಳು ಸಿಟ್ಟಾದಳು. ಗಿರಿಜಾ ನನ್ನ ಕೈ ಹಿಡಿದು ಪಡಸಾಲೆಗೆ ತಂದು ಕೂರಿಸಿದಳು. ಪಡಸಾಲೆಯಲ್ಲಿ ಇದ್ದದ್ದು ಮೀನಿನ ಗಾಜಿನ ಪೆಟ್ಟಿಗೆ ಒಂದೇ.

ಅದು ಬಂದದ್ದು ಹೀಗೆ. ಮಗ ಮಹಾಂತೇಶನದು ನವಿಲುತೀರ್ಥದಲ್ಲಿ ನೌಕರಿ. ಜೊತೆಯವರೊಬ್ಬರಿಗೆ ವರ್ಗವಾಯಿತು, ಅವರು ಪೆಟ್ಟಿಗೆಯನ್ನು ಮೀನು ಸಮೇತ ಇವನಿಗೆ ಒಪ್ಪಿಸಿ ಹೋದರು. ಮೀನು ತಿನ್ನದ ಮನೆಗೆ ಮೀನು ಬಂದವು. ಸಿಕ್ಲಿಡ್ ಅಂತೆ, ಆಫ್ರಿಕಾದ ಯಾವುದೋ ದೊಡ್ಡ ಕೆರೆಯ ಜಾತಿ. ಮೈತುಂಬ ಬಣ್ಣ, ತಲೆತುಂಬ ಜಗಳ. ಅವಕ್ಕೆ ಗಡಸು ನೀರೇ ಬೇಕು ಎಂದು ಮಗ ಹೇಳಿದಾಗ ನನಗೆ ನಗು ಬಂತು. ನಮ್ಮ ಬೋರಿನ ನೀರಿಗಿಂತ ಗಡಸು ಎಲ್ಲಿ ಸಿಕ್ಕೀತು? ಕೊಡದೊಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂಡುತ್ತದೆ. ನಾನು ಚಚಡಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಈ ಊರಿನ ನೀರಿನಲ್ಲಿ ಬೇಳೆ ಬೇಯಲಿಲ್ಲ. ನಮ್ಮತ್ತೆ ನೀರನ್ನು ಬೈಯಲಿಲ್ಲ, ನನ್ನನ್ನು ಬೈದರು. ಇಷ್ಟು ವರ್ಷ ಯಾರಿಗೂ ಒಗ್ಗದ ನೀರು ಕಡೆಗೆ ಆಫ್ರಿಕಾದವರಿಗೆ ಒಗ್ಗಿತು.

ಆದರೆ ಗಾಜಿಗೆ ಪಾಚಿ ಹಿಡಿಯಿತು. ಹಸಿರು ಕಂಡರೆ ಜನರ ಕಣ್ಣು ತಂಪಾಗುತ್ತದಂತೆ, ನನಗೆ ಕೈ ತುರಿಸುತ್ತದೆ. ಎಂಥ ಕಲೆಗೂ ನನಗೆ ಗೊತ್ತಿರುವ ಮದ್ದು ಹುಣಸೆಹಣ್ಣು. ಒಂದು ಮುಷ್ಟಿ ನೆನೆಹಾಕಿ, ಸ್ಟೂಲ್ ಹತ್ತಿ, ಗಾಜಿನ ಒಳಮೈಗೆ ಚೆನ್ನಾಗಿ ತಿಕ್ಕಿದೆ. ಹಿತ್ತಾಳೆ ಕೊಡವಾಗಿದ್ದರೆ ಫಳಫಳ ಹೊಳೆಯುತ್ತಿತ್ತು. ಇಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ತೇಲಾಡತೊಡಗಿದವು. ಮಗ ಓಡಿಬಂದು ಅರ್ಧ ನೀರು ತೆಗೆದು ಬೇರೆ ಹಾಕಿದ, ಹುಳಿ ಬಿದ್ದರೆ ಇವಕ್ಕೆ ಬೇಕಾದ ನೀರಿನ ಗುಣವೇ ಕೆಡುತ್ತದೆ ಎಂದ. ಮೀನು ಬದುಕಿದವು. ನಾನು ಜೀವಂತ ಮೀನಿನ ಸಾರು ಮಾಡಲು ಹೊರಟಿದ್ದೆ ಎಂದು ಗಿರಿಜಾ ಓಣಿಯಲ್ಲೆಲ್ಲ ಹೇಳಿದಳು. ಆಮೇಲೆ ಬರೀ ಬಟ್ಟೆಯಿಂದ ತಿಕ್ಕುತ್ತಿದ್ದೆ. ಒಂದು ದಿನ ಸ್ಟೂಲ್ ಜಾರಿತು, ನಾನೂ ಜಾರಿದೆ, ಮಣಿಕಟ್ಟು ಬದನೆಕಾಯಿಯಷ್ಟು ಊದಿತು.

ಮಗ ದನಿ ಏರಿಸುವವನಲ್ಲ. ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಲೇ ಹೇಳಿದ: "ಅವ್ವಾ, ಇನ್ನ ನೀ ಸ್ಟೂಲ್ ಹತ್ತೂದು ಬಂದ್. ಪಾಚಿ ತಿನ್ನೂ ಮೀನ ಅದಾವಂತ, ಒಂದ ತರೂಣು. ಅದೂ ಆಗಲಿಲ್ಲಂದ್ರ ಪೆಟಗಿನ ಯಾರಿಗರೆ ಕೊಟ್ಟಬಿಡತೇನಿ."

ಪೆಟ್ಟಿಗೆ ಹೋದರೆ ಈ ಮನೆಯಲ್ಲಿ ನನ್ನ ಕೈಗೆ ಸಿಗುವ ಕೆಲಸ ಒಂದೂ ಉಳಿಯುವುದಿಲ್ಲ. ಮೀನು ಬಂದರೆ ಕೆಲಸ ಮೀನಿನ ಪಾಲು. ಎರಡೂ ಕಡೆ ನನಗೇ ಪೆಟ್ಟು. ಪೆಟ್ಟಿಗೆ ಇದ್ದರೆ ನೋಡಿ ಬೈಯಲಾದರೂ ಏನಾದರೂ ಇರುತ್ತದೆ ಎಂದುಕೊಂಡು, ಮೀನು ಆರಿಸಲು ನಾನೇ ಹೊರಟೆ.

ನಮ್ಮಲ್ಲಿ ಬೇಳೆ ಕೊಳ್ಳುವ ಪದ್ಧತಿ ಒಂದಿದೆ. ಚೀಲ ಒಯ್ಯುವ ಮೊದಲು ಅಂಗಡಿಯಿಂದ ಒಂದು ಹಿಡಿ ತಂದು ನಮ್ಮ ನೀರಿನಲ್ಲಿ ಬೇಯಿಸಿ ನೋಡುತ್ತೇವೆ. ಬೆಂದರೆ ಚೀಲ, ಬೇಯದಿದ್ದರೆ ಅಂಗಡಿ ಬೇರೆ. ಮೀನಿಗೂ ಅದೇ ನ್ಯಾಯ ಎಂದು ಕ್ಯಾನಿನ ತುಂಬ ಮನೆಯ ನೀರು ಹಿಡಿದುಕೊಂಡು ಬೈಲಹೊಂಗಲದ ಬಸ್ ಹತ್ತಿದೆ. ಅಲ್ಲಿಯೂ ನೀರಿದೆಯಲ್ಲ ಎಂದು ಕಂಡಕ್ಟರ್ ಕೇಳಿದ. ಇದು ಕುಡಿಯಲಿಕ್ಕಲ್ಲ, ತೋರಿಸಲಿಕ್ಕೆ ಎಂದೆ. ಮುಂದೆ ಅವನು ನನ್ನ ಕಡೆ ಬರಲಿಲ್ಲ.

ಮೀನಿನ ಅಂಗಡಿಯವನು ದಪ್ಪಗಿನ ಮನುಷ್ಯ, ಚಷ್ಮಾ ಹಣೆಯ ಮೇಲೆ. ಕ್ಯಾನು ಅವನ ಮುಂದಿಟ್ಟು, ಪಾಚಿ ತಿನ್ನುವ ಒಂದು ಮೀನನ್ನು ಇದರಲ್ಲಿ ಬಿಟ್ಟು ತೋರಿಸು ಎಂದೆ.

"ಆಯೀ, ಇದೇನ ಬ್ಯಾಳಿ ಅಲ್ರಿ, ಬೇಯಿಸಿ ನೋಡಾಕ."

"ಬೇಯಿಸಬ್ಯಾಡೋ ತಮ್ಮಾ. ಬದುಕತೈತೋ ಇಲ್ಲೋ ತೋರಸು, ಸಾಕು."

ಅವನು ಒಂದು ಕಾಗದದ ಚೂರನ್ನು ನನ್ನ ನೀರಿನಲ್ಲಿ ಅದ್ದಿ ಅದರ ಬಣ್ಣ ನೋಡಿದ, ಆಮೇಲೆ ನನ್ನನ್ನು ನೋಡಿದ. ಈ ನೀರು ಕುಡಿದೂ ಇಷ್ಟು ವರ್ಷ ಇದ್ದೀರಲ್ಲ ಎಂಬ ನೋಟ ಅದು. ಬೆರಳಿನ ಗೆಣ್ಣಿನಷ್ಟಿದ್ದ ಸಣ್ಣ ಮೀನುಗಳಿದ್ದವು, ಬಡಪಾಯಿಗಳು, ಸುಮ್ಮನೆ ಪಾಚಿ ಮೇಯುತ್ತಿದ್ದವು. ಅವು ನಿಮ್ಮ ನೀರಿಗೆ ಬಾಳುವುದಿಲ್ಲ, ಬಾಳಿದರೂ ನಿಮ್ಮ ಆಫ್ರಿಕಾದವು ನುಂಗುತ್ತವೆ ಎಂದ. ಬಸವನಹುಳು ಕೇಳಿದೆ. ಅದಕ್ಕೆ ನಿಮ್ಮ ಮೀನುಗಳು ತಲೆ ಹೊರಗೆ ಹಾಕಲು ಬಿಡುವುದಿಲ್ಲ ಎಂದ. ಬಂಗಾರದ ಬಣ್ಣದ ಉದ್ದನೆಯದೊಂದು ನನಗೆ ಹಿಡಿಸಿತು. ಅದು ಸಣ್ಣದಿದ್ದಾಗ ಕೆಲಸ ಮಾಡುತ್ತದಂತೆ, ಬೆಳೆದ ಮೇಲೆ ಪಾಚಿ ಬಿಟ್ಟು ಉಳಿದ ಮೀನುಗಳ ಮೈಗೆ ಅಂಟಿಕೊಂಡು ನೆಕ್ಕುತ್ತದಂತೆ. ಅಂಥವರು ನಮ್ಮ ಬೀಗರಲ್ಲೇ ಇದ್ದಾರೆ, ಬೇಡ ಎಂದೆ. ಕೊನೆಗೆ ತೊಟ್ಟಿಯ ಮೂಲೆಯಲ್ಲಿ ಗಾಜಿಗೆ ಬಾಯಿ ಒತ್ತಿಕೊಂಡಿದ್ದ ಒಂದನ್ನು ತೋರಿಸಿದ. ಕಪ್ಪು ಮೈ, ಮೇಲೆ ಚುಕ್ಕೆ, ಮೂತಿಯ ಸುತ್ತ ಮುಳ್ಳಿನಂಥ ಮೀಸೆ, ಚರ್ಮ ತಗಡಿನಂತೆ ಗಟ್ಟಿ.

"ಇದು ನಿಮ್ಮ ನೀರಿಗೂ ಹೊಂದಿಕೊಳ್ಳತೈತ್ರಿ. ಯಾರ ಕಚ್ಚಾಕ ಬಂದ್ರೂ ಕ್ಯಾರೇ ಅನ್ನಂಗಿಲ್ಲ."

"ಮಾರಿ ಚಂದಿಲ್ಲಲ್ಲೋ."

"ಗಾಜ ತಿಕ್ಕಾಕ ಮಾರಿ ಯಾಕ ಬೇಕ್ರಿ ಆಯೀ?"

ಐವತ್ತು ವರ್ಷ ತಿಕ್ಕಿದವಳು ನಾನು, ಸರಿ, ಅದನ್ನೇ ನನ್ನ ನೀರಿಗೆ ಬಿಟ್ಟು ತೋರಿಸು ಎಂದೆ. ಅವನು ನನ್ನ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ ಅದನ್ನು ಬಿಟ್ಟ. ಒಂದು ತಾಸು ಕಾಯಬೇಕಿತ್ತು. ಆ ತಾಸಿನಲ್ಲಿ ಅವನ ಮೀನಿನ ಕಾಳಿನ ಪೊಟ್ಟಣಗಳನ್ನೆಲ್ಲ ಸಣ್ಣದು ದೊಡ್ಡದು ನೋಡಿ ಜೋಡಿಸಿಟ್ಟೆ. ಮೀನು ಬದುಕಿತ್ತು. ತಂದೆ.

ಹದಿನೈದು ದಿನದಲ್ಲಿ ಗಾಜು ಹೊಳೆಯಿತು. ಮಗನಿಗೆ ಸಂತೋಷ, ನನಗೆ ಕೂತಲ್ಲಿ ಮುಳ್ಳು. ಬೈಯೋಣವೆಂದರೆ ತಪ್ಪು ಸಿಗುತ್ತಿರಲಿಲ್ಲ. ಆಮೇಲೆ ಬೇರೆ ಚಿಂತೆ ಹತ್ತಿತು: ಪಾಚಿ ಮುಗಿದ ಮೇಲೆ ಇದರ ಹೊಟ್ಟೆಗೆ ಏನು? ಗಿರಿಜಾಳಿಂದ ಅಂಗಡಿಗೆ ಫೋನ್ ಮಾಡಿಸಿದೆ. ಸೌತೆಕಾಯಿ ಬೇಯಿಸಿ ಹಾಕಿರಿ, ಆದರೆ ಹೆಚ್ಚು ಬೇಡ, ಹೊಟ್ಟೆ ತುಂಬಿದರೆ ಗಾಜು ಮರೆಯುತ್ತದೆ ಎಂದನಂತೆ. ಬೇಯಿಸಲು ಅಡುಗೆಮನೆಗೆ ಹೋದೆ. ಮೀನಿನ ಅಡುಗೆ ಎಂದ ಮೇಲೆ ಗಿರಿಜಾ ಒಲೆ ಬಿಡಲೇಬೇಕಾಯಿತು. ಮೊದಲ ದಿನ ಒಂದು ಹೋಳು ಹಾಕಿದೆ. ಎರಡನೆಯ ದಿನ ಎರಡು. ಹೆಚ್ಚು ಬೇಡ ಎಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಈಗ ಅರ್ಧ ಸೌತೆಕಾಯಿ ಹಾಕುತ್ತೇನೆ. ಮೀನು ಇಡೀ ದಿನ ಅದರ ಮೇಲೆ ಬಿದ್ದುಕೊಂಡಿರುತ್ತದೆ, ಗಾಜಿನ ಕಡೆ ತಿರುಗಿಯೂ ನೋಡುವುದಿಲ್ಲ. ಮಗ ನೌಕರಿಗೆ ಹೋಗಿ, ಗಿರಿಜಾ ಸ್ನಾನಕ್ಕೆ ಹೋದ ಹೊತ್ತಿಗೆ ಉದ್ದನೆಯ ಕಟ್ಟಿಗೆಗೆ ಬಟ್ಟೆ ಸುತ್ತಿ, ನೆಲದ ಮೇಲೆ ನಿಂತೇ ತಿಕ್ಕುತ್ತೇನೆ. ಸ್ಟೂಲ್ ಹತ್ತಬೇಡ ಎಂದಿದ್ದ, ಹತ್ತಿಲ್ಲ.

ನಿನ್ನೆ ಮಗನ ಕಚೇರಿಯವರು ಮನೆಗೆ ಬಂದಿದ್ದರು. ಅವನು ಪೆಟ್ಟಿಗೆಯ ಮುಂದೆ ನಿಂತು, "ನೋಡ್ರಿ, ಒಂದ ಕಲಿ ಇಲ್ಲ. ಎಷ್ಟ ನೀಟ ಕೆಲಸ ಮಾಡತೈತಿ ಈ ಮೀನ. ಹೌದಲ್ಲೇನವ್ವಾ?" ಎಂದ. ನಾನು ತಿಕ್ಕಿದ ಯಾವ ಪಾತ್ರೆಯನ್ನೂ, ಯಾವ ನೆಲವನ್ನೂ ಅವನು ಇಷ್ಟು ಬಾಯಿತುಂಬ ಹೊಗಳಿದ್ದು ನನಗೆ ನೆನಪಿಲ್ಲ. ಹೌದಪ್ಪಾ ಎಂದೆ. ಹೊಗಳಿಕೆಯೂ ಅದಕ್ಕೆ, ಸೌತೆಕಾಯಿಯೂ ಅದಕ್ಕೆ. ಈ ವಯಸ್ಸಿನಲ್ಲಿ ಒಂದು ಮೀನಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ, ಅದೂ ಬಾಯಿ ಬಿಟ್ಟು ಹೇಳುವ ಹಾಗಿಲ್ಲ.