ನನ್ನ ಕೆಮ್ಮು ಹೋದ ದಾರಿ

ಕೆಲವರಿಗೆ ಒಳ್ಳೆಯ ಕಂಠ ಕೊಟ್ಟ ದೇವರು ನನಗೆ ಕೆಮ್ಮು ಕೊಟ್ಟಿದ್ದಾನೆ. ಚಾಮರಾಜಪೇಟೆಯ ನಮ್ಮ ಮನೆಗೆ ಕರೆಗಂಟೆ ಹಾಕಿಸಿಲ್ಲ. ನಾನು ಗೇಟಿನಲ್ಲಿ ಕೆಮ್ಮಿದರೆ ಒಳಗೆ ಹೆಂಡತಿ ಸುಧಾ ಕಾಫಿಗೆ ಹಾಲಿಡುತ್ತಾಳೆ. ಕಚೇರಿಯಲ್ಲೂ ಅಷ್ಟೆ. ನಾನಿರುವುದು ಹಳೆಯ ಕಡತಗಳ ಕೊಠಡಿಯಲ್ಲಿ. ಮೆಟ್ಟಿಲ ಮೇಲೆ ನನ್ನ ಕೆಮ್ಮು ಕೇಳಿಸಿದ ಕೂಡಲೇ ಜೊತೆಯವರು ಮೊಬೈಲು ಒಳಗಿಟ್ಟು ಪೆನ್ನು ಹಿಡಿಯುತ್ತಾರೆ. ಏನು ಸಾರ್ ಕೆಮ್ಮು ಎಂದು ಯಾರಾದರೂ ಕೇಳಿದರೆ "ಧೂಳು ಕಣ್ರೀ" ಎನ್ನುತ್ತೇನೆ. ಆ ಮಾತನ್ನು ಮನೆಯಲ್ಲೂ ಒಮ್ಮೆ ಆಡಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಕಳೆದ ವರ್ಷ ನಮ್ಮ ಮಹಡಿಗೆ ಬಾಡಿಗೆಗೆ ಬಂದ ಮೇಘನಾ ಎಂಬ ಹುಡುಗಿ ಎಂಜಿನಿಯರಿಂಗ್ ಓದುತ್ತಾಳೆ. ಒಬ್ಬ ಕೆಮ್ಮಿದರೆ ಅದರ ಸಣ್ಣ ಹನಿಗಳು ಕೋಣೆಯ ಗಾಳಿಯಲ್ಲಿ ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರವಾಗಿ ತೋರಿಸುವುದು ಅವಳ ಪ್ರಾಜೆಕ್ಟು. "ಅಂಕಲ್, ಮೇಲಿಂದ ದಿನಾ ಕೇಳ್ತಿರ್ತೀನಿ. ನಂಗೆ ನಿಮ್ಮ ಕೆಮ್ಮೇ ಬೇಕು" ಎಂದಳು. ನನ್ನ ಯಾವ ಪ್ರತಿಭೆಯನ್ನೂ ಇದುವರೆಗೆ ಯಾರೂ ಹೀಗೆ ಮನೆಗೆ ಬಂದು ಕೇಳಿರಲಿಲ್ಲ. ಉಬ್ಬಿಹೋದೆ. ಅವಳು ಟೇಪು ಹಿಡಿದು ನಡುಮನೆಯ ಕಿಟಕಿ, ಬಾಗಿಲು, ಫ್ಯಾನು ಎಲ್ಲವನ್ನೂ ಅಳೆದು, ನಕ್ಷೆಯ ಹಾಳೆಯೊಂದನ್ನು ನನ್ನ ಕೈಗಿತ್ತು, "ಮನೇಲಿ ಯಾರ್ಯಾರು ಎಲ್ಲೆಲ್ಲಿ ಕೂತ್ಕೋತೀರ, ಒಂದೊಂದು ರೌಂಡ್ ಹಾಕ್ಬಿಡಿ" ಎಂದಳು. ಕ್ರಿಕೆಟ್ ನೋಡುತ್ತಲೇ ಹಾಕಿ ಕೊಟ್ಟೆ.

ಭಾನುವಾರ ತಿಂಡಿ ಮುಗಿಯುವ ಹೊತ್ತಿಗೆ ಲ್ಯಾಪ್‌ಟಾಪ್ ತಂದಳು. ಪರದೆಯ ಮೇಲೆ ನಮ್ಮದೇ ನಡುಮನೆ. ಆದರೆ ಕ್ಯಾಲೆಂಡರಿಲ್ಲ, ಫೋಟೋಗಳಿಲ್ಲ. ಬೂದು ಬಣ್ಣದ, ಮುಖವಿಲ್ಲದ ಜನ ಕೂತಿದ್ದರು. ಬಾಗಿಲ ಬಳಿ ನಾನು, ದಿವಾನದ ಮೇಲೆ ಅಮ್ಮ, ಅಡುಗೆಮನೆಯ ಹೊಸ್ತಿಲಲ್ಲಿ ಸುಧಾ. "ನಂಗೊಂದು ಮೂಗಾದ್ರೂ ಇಡಬಾರ್ದಿತ್ತೇನಮ್ಮಾ" ಎಂದು ಸುಧಾ ನಕ್ಕಳು. ಮೇಘನಾ ಗುಂಡಿ ಒತ್ತಿದಳು. ಬೂದು ಬಣ್ಣದ ನಾನು ಸದ್ದಿಲ್ಲದೆ ಕೆಮ್ಮಿದೆ. ಬಾಯಿಂದ ಹೊರಟ ಕೆಂಪು ಮೋಡ ಅಮ್ಮನನ್ನು ಬಿಟ್ಟಿತು, ಸುಧಾಳನ್ನು ಬಿಟ್ಟಿತು, ಫ್ಯಾನಿನ ಕೆಳಗೆ ಒಂದು ಸುತ್ತು ತಿರುಗಿ, ದಾರಿ ಗೊತ್ತಿರುವವರಂತೆ ಮೂಲೆಗೆ ಹೋಗಿ ನಿಂತಿತು. ಅಲ್ಲಿ ನಾಲ್ಕನೆಯವರೊಬ್ಬರು ಕೂತಿದ್ದರು.

ನಮ್ಮ ಮನೆಯಲ್ಲಿರುವುದು ಮೂವರೇ.

"ಇದ್ಯಾರಮ್ಮ?" ಎಂದೆ. "ನೀವೇ ರೌಂಡ್ ಹಾಕಿದ್ರಲ್ಲ ಅಂಕಲ್!" ಎಂದು ಹಾಳೆ ತೋರಿಸಿದಳು. ಹೌದು, ಹಾಕಿದ್ದೆ. ಅಪ್ಪನ ಈಸಿಚೇರಿನ ಮೇಲೆ, ನನ್ನದೇ ಕೈಯಿಂದ. ಅಪ್ಪ ಹೋಗಿ ಮೂರು ವರ್ಷವಾಯಿತು. ಕುರ್ಚಿ ಅಲ್ಲೇ ಇದೆ, ಅದರಲ್ಲಿ ಯಾರೂ ಕೂರುವುದಿಲ್ಲ. ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು?

ಆ ಚಳಿಗಾಲ ನಾನು ಕೆಮ್ಮು, ಮೈಬಿಸಿ ಎರಡನ್ನೂ ಹೊತ್ತು ಮನೆಗೆ ಬಂದು "ಧೂಳು, ಅಷ್ಟೆ" ಎಂದಿದ್ದೆ. ವಾರದೊಳಗೆ ಅಪ್ಪ ಮಲಗಿದರು, ಮತ್ತೆ ಏಳಲಿಲ್ಲ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅವರು ಆ ಮೂಲೆ, ನಾನು ಈ ಬಾಗಿಲು, ಅಷ್ಟು ದೂರ ಹೇಗೆ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮೂರು ವರ್ಷ ಕಳೆದಿದ್ದೆ. ಹೇಗೆ ಹೋಗುತ್ತದೆಂದು ಈಗ ಕಣ್ಣೆದುರೇ ಕಂಡಿತು.

"ಆ ಮೂಲೆ ಕಿಟಕಿ ತೆಗೆದಿದ್ರೆ?" ಎಂದೆ. ಮೇಘನಾ ಕಂಪ್ಯೂಟರಿನಲ್ಲಿ ಕಿಟಕಿ ತೆಗೆದು ಮತ್ತೆ ಲೆಕ್ಕಕ್ಕೆ ಬಿಟ್ಟಳು. ಒಂದು ಕಾಫಿ ಮುಗಿಯುವಷ್ಟು ಹೊತ್ತು ಹಿಡಿಯಿತು. ಈ ಸಲ ಮೋಡ ಕುರ್ಚಿಯನ್ನು ಮುಟ್ಟುವ ಮೊದಲೇ ಮೇಲೆದ್ದು ಹೊರಗೆ ಹೊರಟುಹೋಯಿತು. "ನೋಡಿ ಅಂಕಲ್, ಅಲ್ಲಿ ಕೂತಿರೋರು ಈಗ ಸೇಫು" ಎಂದು ಅವಳು ಖುಷಿಪಟ್ಟಳು.

ಅಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಆ ಕಿಟಕಿ ಮುಚ್ತಿದ್ದಿದ್ದೇ ಅವರು ಕಣೋ. ನೀನು ಕೆಮ್ಮಿದಾಗೆಲ್ಲ ಎದ್ದುಹೋಗಿ ಚಿಲಕ ಹಾಕೋರು. ಮಗೂಗೆ ಥಂಡಿ ಗಾಳಿ ತಾಗತ್ತೆ ಅಂತ."

ಮಗುವಿಗೆ ಆಗ ಐವತ್ತೆರಡು ವರ್ಷ.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇದ್ದೆ. ಆ ಕಿಟಕಿಯನ್ನು ಪೂರ್ತಿ ತೆರೆದು, ಬಾಗಿಲ ಬಳಿ ನನ್ನ ಜಾಗದಲ್ಲಿ ಬಂದು ಕೂತೆ. ಗಂಟಲು ಕೆರೆಯಿತು. ತಡೆದೆ, ತಡೆದೆ, ಕೊನೆಗೆ ಕೆಮ್ಮಿಯೇಬಿಟ್ಟೆ. ಧಡ್ ಎಂದು ಕಿಟಕಿ ಮುಚ್ಚಿಕೊಂಡಿತು. ಗಾಳಿಯಿರಬೇಕು. ಮೇಘನಾಳನ್ನು ಕೇಳಿದರೆ ಅದಕ್ಕೂ ಲೆಕ್ಕ ತೋರಿಸಿಯಾಳು, ಕೇಳಲು ಹೋಗಲಿಲ್ಲ. "ಆಯ್ತಪ್ಪಾ" ಎಂದು ಎದ್ದು, ಪೆಟ್ಟಿಗೆಯಿಂದ ಮಫ್ಲರ್ ತೆಗೆದು ಕಿವಿಗೆ ಸುತ್ತಿಕೊಂಡೆ. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿತ್ತು. ಮಾರ್ಕೆಟ್ಟಿನಿಂದ ಬಂದ ಸುಧಾ ಬಾಗಿಲಲ್ಲೇ ನಿಂತು, "ಏನ್ರೀ ಇದು, ಈ ಸೆಕೇಲಿ?" ಎಂದಳು.

"ಥಂಡಿ ಗಾಳಿ ತಾಗತ್ತಂತೆ" ಎಂದೆ.