ಕಡೇ ಹಾಲು ಎಲ್ಲಿ ಹೋಯಿತು?

ನಮ್ಮ ದೊಡ್ಡತ್ತೆ ಹುಟ್ಟಿದಾಗಿನಿಂದ ಯಾರನ್ನೂ ನಂಬಿದವರಲ್ಲ. ಈ ಮಾತನ್ನು ಅವರೆದುರಿಗೇ ಹೇಳಿ ನೋಡಿ, "ಯಾರು ಏಳಿದ್ದು ನಿಂಗೆ?" ಎಂದು ನಿಮ್ಮನ್ನೇ ಅನುಮಾನಿಸುತ್ತಾರೆ!

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದಾರೆ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯ ಡೈರಿಯಲ್ಲಿ, ಎಲ್ಲರೂ ತಂದು ಹಾಕುವ ಹಾಲನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ಅನುಮಾನ ಸ್ವಭಾವವೂ ಆಗಿ, ಅನುಮಾನಪಡುವುದೇ ಉದ್ಯೋಗವೂ ಆಗಿಬಿಟ್ಟರೆ ಮನುಷ್ಯರಿಗೆ ಇನ್ನೇನು ಬೇಕು ಹೇಳಿ? ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತರೆ ಅವರು ಮೊದಲು ನೋಡುವುದು ಹಾಲನ್ನಲ್ಲ, ನಮ್ಮ ಮುಖವನ್ನು. ಎಳನೀರು ಕುಡಿದು ಬಂದವರಿಗೂ ತಾವು ನೀರು ಬೆರೆಸಿದ್ದೇವೇನೋ ಎಂಬ ಅಳುಕು ಶುರುವಾಗುತ್ತದೆ.

ಡೈರಿಗೆ ಈಗ ಮಿಷನ್ ಬಂದಿದೆ. ಒಂದು ಗುಟುಕು ಹಾಲು ಹೀರಿಕೊಂಡು ಫ್ಯಾಟ್ ಎಷ್ಟು, ನೀರಿನ ಗುಟ್ಟು ಬಿಡಿಸುವ ಡಿಗ್ರಿ ಎಷ್ಟು ಎಂದು ಚೀಟಿ ಉಗುಳುತ್ತದೆ. ದೊಡ್ಡತ್ತೆಗೆ ಅದರ ಮೇಲೂ ಗುಮಾನಿ. ಬಂದ ದಿನವೇ ಅದಕ್ಕೆ ಬರೀ ಬೋರ್‌ವೆಲ್ ನೀರು ಕುಡಿಸಿದರಂತೆ. ಪಾಪದ ಮಿಷನ್ ಫ್ಯಾಟಿನ ಜಾಗದಲ್ಲಿ ಸೊನ್ನೆ ತೋರಿಸಿತು. "ಪರವಾಗಿಲ್ಲ, ಸದ್ಯಕ್ಕೆ ಇರ್ಲಿ" ಎಂದು ಕೆಲಸಕ್ಕೆ ಇಟ್ಟುಕೊಂಡರು.

ನನ್ನನ್ನು ಸೊಸೆಯಾಗಿ ಆರಿಸಿದ್ದೂ ಹೀಗೆಯೇ. ಹೆಣ್ಣು ನೋಡಲು ಬಂದಾಗ ನಮ್ಮಪ್ಪ, "ಹುಡುಗಿಗೆ ಹಾಲು ಕರೆಯೋಕೆ ಬತ್ತದೆ" ಎಂದು ಹೆಮ್ಮೆಯಿಂದ ಹೇಳಿದರು. ಎಲ್ಲರೂ ತಲೆಯಾಡಿಸಿದರು. ದೊಡ್ಡತ್ತೆ ಮಾತ್ರ ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು, ರೇಷ್ಮೆ ಸೀರೆಯಲ್ಲೇ ಹಸುವಿನ ಪಕ್ಕ ಕೂರಿಸಿದರು. ಕರೆದೆ. ಪಾತ್ರೆ ಎತ್ತಿ ಮೂಸಿ ನೋಡಿ ಹೊರಗೆ ಹೋಗಿ ತೀರ್ಪು ಕೊಟ್ಟರು: "ಉಡುಗಿ ಸರಿ. ಅಸೂನೇ ಸ್ವಲ್ಪ ಅನುಮಾನ."

ಇಂಥವರನ್ನು ಊರು ಸುಮ್ಮನೆ ಬಿಡುತ್ತದೆಯೇ? ಊರಿಗೂ ಅವರ ಮೇಲೊಂದು ಅನುಮಾನವಿತ್ತು. ದೊಡ್ಡತ್ತೆ ತಿಂಗಳಿಗೊಂದು ದಿನ, ಡೈರಿ ಮುಗಿಸಿ, ಯಾರಿಗೂ ಹೇಳದೆ ಕೆಜಿಎಫ್ ಬಸ್ಸು ಹತ್ತಿಬಿಡುತ್ತಿದ್ದರು. ಎಲ್ಲಿಗೆ ಎಂದರೆ "ಇಲ್ಲೇ". ಯಾಕೆ ಎಂದರೆ "ಸುಮ್ನೆ". ಅಲ್ಲಿ ಉರಿಗಾಂನಲ್ಲಿ ಗುಟ್ಟಾಗಿ ಮನೆ ಕಟ್ಟಿಸುತ್ತಿದ್ದಾರೆ ಎಂದು ಕೆಲವರು. ಹಳೇ ಚಿನ್ನದ ಗಣಿಯ ಸೈನೈಡ್ ದಿಬ್ಬದ ಮಣ್ಣು ಜರಡಿ ಹಿಡಿದು ಚಿನ್ನ ತೆಗೆಯುತ್ತಿದ್ದಾರೆ ಎಂದು ಇನ್ನು ಕೆಲವರು. ನಮ್ಮ ಯಜಮಾನರಂತೂ, "ಅಲ್ಲಿ ಯಾರೋ ಅವರನ್ನ ನಂಬೋರು ಇರ್ಬೇಕು ಕಣೇ, ಅವರನ್ನ ವಿಚಾರಿಸ್ಕೊಳ್ಳೋಕೆ ಓಗ್ತಾರೆ" ಎಂದು ನಗುತ್ತಿದ್ದರು.

ಈ ನಡುವೆ ನನ್ನ ಕೈಗೆ ಏನೋ ಆಯಿತು. ಬೆಳಿಗ್ಗೆ ಏಳುವಾಗ ಬೆರಳುಗಳು ಮಡಚುತ್ತಿರಲಿಲ್ಲ. ಮುಷ್ಟಿ ಕಟ್ಟಲು ಹೋದರೆ ಗೆಣ್ಣುಗಳಲ್ಲಿ ಸೂಜಿ ಚುಚ್ಚಿದ ನೋವು. ಬಕೆಟ್ಟಿನ ಹಿಡಿ ಹಿಡಿಯಲಾಗದು, ನಲ್ಲಿ ತಿರುಗಿಸಲಾಗದು. ಮಜಾ ಏನು ಗೊತ್ತೇ? ಬಿಸಿಲೇರಿದಂತೆ ಅದೇ ಕೈ ಮೆಲ್ಲಗೆ ಸಡಿಲವಾಗಿ, ಮಧ್ಯಾಹ್ನಕ್ಕೆ ಮುದ್ದೆ ಕೂಡ ತಿರುವುತ್ತಿತ್ತು! ಬೆಳಿಗ್ಗೆ ಕೆಲಸದ ಹೊತ್ತಿಗೆ ಬರುವ, ಊಟದ ಹೊತ್ತಿಗೆ ಹೋಗುವ ನೋವನ್ನು ಯಾರು ತಾನೇ ನಂಬುತ್ತಾರೆ? ನಾನೇ ನಂಬುತ್ತಿರಲಿಲ್ಲ.

ನಮ್ಮತ್ತೆ, ಅಂದರೆ ಯಜಮಾನರ ತಾಯಿ, ಕೆಟ್ಟವರಲ್ಲ. "ಈ ವಯಸ್ಸಿಗೇ ಏನಮ್ಮಾ ನೋವು? ನಾವೆಲ್ಲ ಮೂರು ಹಸು ಕರೆದು ಹೊಲಕ್ಕೆ ಹೋಗ್ತಿದ್ವಿ" ಎಂದರು, ಅಷ್ಟೆ. ಯಜಮಾನರು ಮುಲಾಮು ತಂದುಕೊಟ್ಟರು. ಪೇಟೆಯ ಡಾಕ್ಟರು ಕೈ ನೋಡಿ, "ಊತ ಏನೂ ಇಲ್ವಲ್ಲಮ್ಮಾ" ಎಂದು ಗ್ಯಾಸಿನ ಮಾತ್ರೆ ಬರೆದರು. ಮೂರು ಕಡೆ ಸುಳ್ಳುಗಾತಿಯಾದ ಮೇಲೆ ನಾನು ನೋವಿನ ಮಾತನ್ನೇ ನಿಲ್ಲಿಸಿದೆ. ಆದರೆ ಭಯ ನಿಲ್ಲಲಿಲ್ಲ. ನಾನು ಕರೆಯುವ ಹಸು ಮದುವೆಯಲ್ಲಿ ನಮ್ಮಪ್ಪ ಕೊಟ್ಟದ್ದು, ಅದರ ಹಾಲಿನಿಂದ ನನ್ನದೂ ಒಂದು ಮಾತು ಮನೆಯಲ್ಲಿ ನಡೆಯುತ್ತಿತ್ತು. ಕರೆಯಲಾಗದಿದ್ದರೆ ಅದನ್ನು ಸಂತೆಗೆ ಹೊಡೆಯುತ್ತಾರೆ. ಆಮೇಲೆ ನಾನು ಈ ಮನೆಯಲ್ಲಿ ಯಾರು?

ಹಾಗಾಗಿ ಹಲ್ಲು ಕಚ್ಚಿ ಕರೆಯುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಡೈರಿಯಲ್ಲಿ ದೊಡ್ಡತ್ತೆ ನನ್ನ ಚೀಟಿ ಹಿಡಿದು ಹುಬ್ಬು ಗಂಟಿಕ್ಕಿದರು. ಮಿಷನ್ನನ್ನು ಒಮ್ಮೆ ತಟ್ಟಿದರು. ಹಳೆಯ ಲ್ಯಾಕ್ಟೋಮೀಟರನ್ನೂ ಅದ್ದಿ ನೋಡಿದರು. ಸಾಲಿನಲ್ಲಿ ನಿಂತವರ ಕಿವಿಗಳೆಲ್ಲ ಇತ್ತ ತಿರುಗಿದವು.

"ಡಿಗ್ರಿ ಸರಿಯಾಗೈತೆ. ನೀರಾಕಿಲ್ಲ. ಫ್ಯಾಟ್ ಎಲ್ಲೋಯ್ತು?"

"ನಂಗೇನ್ ಗೊತ್ತು ಅತ್ತೆ, ಹಸುವನ್ನ ಕೇಳಿ" ಎಂದೆ.

"ಕಡೇ ಆಲು ಎಲ್ಲಿ ಕಣೇ? ಕೆಚ್ಚಲಲ್ಲಿ ಕೊನೇಗೆ ಬರೋದ್ರಲ್ಲೇ ಕೊಬ್ಬೆಲ್ಲ ಇರೋದು. ಅದ್ನ ಬೇರೆ ತೆಗೆದು ಬಂಗಾರಪೇಟೆ ಓಟ್ಲಿಗೆ ಆಕ್ತಿದೀಯಾ?"

ಊರವರೆದುರಿಗೆ ಕಳ್ಳಿಯಾದೆ! ಕೋಪಕ್ಕೆ ಕ್ಯಾನನ್ನು ಕುಕ್ಕಿ ಬರಬೇಕೆನ್ನಿಸಿತು. ಕುಕ್ಕಲೂ ಕೈ ಬರಲಿಲ್ಲ. ಮೊಣಕೈಗೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

ಮರುದಿನ ನಸುಕಿನಲ್ಲಿ ಕೊಟ್ಟಿಗೆಗೆ ಹೋಗಿ ಕುಳಿತೆ. ಮೊದಲ ಹಾಲು ಹೇಗೋ ಇಳಿಯಿತು. ಕೆಚ್ಚಲು ಸಡಿಲವಾದ ಮೇಲೆ ಕಡೇ ಹಾಲನ್ನು ಹಿಂಡಿ ಹಿಂಡಿ ತೆಗೆಯಬೇಕು, ಅದಕ್ಕೆ ಬೆರಳಲ್ಲಿ ಬಿಗಿ ಬೇಕು. ನನಗೆ ಅದು ಇರಲಿಲ್ಲ. ಹಸುವಿನ ಹೊಟ್ಟೆಗೆ ಹಣೆ ಒತ್ತಿ ಸದ್ದಿಲ್ಲದೆ ಅಳುತ್ತಿದ್ದೆ. ಆಗ ಹುಲ್ಲಿನ ರಾಶಿ ಸೀನಿತು.

ರಾಶಿಯ ಹಿಂದಿನಿಂದ ತಲೆ ತುಂಬ ಹುಲ್ಲು ಮುಡಿದುಕೊಂಡು ದೊಡ್ಡತ್ತೆ ಎದ್ದು ಬಂದರು! ಕಳ್ಳಿಯನ್ನು ಕೈಯಾರೆ ಹಿಡಿಯಲು ಯಾವಾಗ ಬಂದು ಕುಳಿತಿದ್ದರೋ.

"ಕೈ ತೋರ್ಸು."

ತೋರಿಸಿದೆ. ಒಂದೊಂದೇ ಗೆಣ್ಣನ್ನು ಹೆಬ್ಬೆರಳಿಂದ ಒತ್ತಿದರು.

"ನೋಯ್ತದಾ?"

"ಇಲ್ಲ ಅತ್ತೆ."

"ಸುಳ್ಳು."

ಅಲ್ಲಿಯವರೆಗೆ ನೋವಿದೆ ಎಂದಾಗಲೆಲ್ಲ ಎಲ್ಲರೂ ಸುಳ್ಳು ಎಂದಿದ್ದರು. ನೋವಿಲ್ಲ ಎಂದಾಗ ಸುಳ್ಳು ಎಂದವರು ಇವರೊಬ್ಬರೇ. ನನಗೆ ಜೋರಾಗಿಯೇ ಅಳು ಬಂತು. ದೊಡ್ಡತ್ತೆ ಸಮಾಧಾನ ಮಾಡುವ ಪೈಕಿ ಅಲ್ಲ. "ಗುರುವಾರ ಡೈರಿ ಮುಗುದ್ಮೇಲೆ ರೆಡಿಯಾಗಿರು. ಯಾರ್ಗೂ ಏಳ್ಬೇಡ" ಎಂದು ಹುಲ್ಲು ಕೊಡವಿಕೊಂಡು ಹೊರಟರು.

ಗುರುವಾರ ಇಬ್ಬರೂ ಕೆಜಿಎಫ್ ಬಸ್ಸಿನಲ್ಲಿ ಕುಳಿತಿದ್ದೆವು. ಅನುಮಾನ ಅಂಟುರೋಗವಿರಬೇಕು, ಈಗ ನನಗೆ ಹತ್ತಿತ್ತು. ಇವರ್ಯಾಕೆ ನನಗೆ ಉಪಕಾರ ಮಾಡುತ್ತಿದ್ದಾರೆ? ನನ್ನ ಹಸುವಿನ ಮೇಲೆ ಕಣ್ಣೇ? ರೋಗಿಷ್ಟೆ ಎಂದು ಸಾಬೀತು ಮಾಡಿ ತವರಿಗೆ ಅಟ್ಟುವ ಹುನ್ನಾರವೇ? ಅವರು ಟಿಕೆಟ್ಟನ್ನು ಬೆಳಕಿಗೆ ಹಿಡಿದು ಅಸಲಿಯೇ ಎಂದು ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ.

ಇಳಿದದ್ದು ಕೆಜಿಎಫ್‌ನ ಕೋರಮಂಡಲ್ ಕಡೆಯ ಒಂದು ಸಣ್ಣ ಆಸ್ಪತ್ರೆಯ ಮುಂದೆ. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಕೀಲುನೋವಿನ ಡಾಕ್ಟರು ಬರುತ್ತಾರೆ. ಹೊರಗಿನ ಉದ್ದ ಬೆಂಚಿನ ಮೇಲೆ ಹೆಂಗಸರೇ ಹೆಂಗಸರು. ನಮ್ಮನ್ನು ಕಂಡದ್ದೇ ಒಬ್ಬಾಕೆ ಸರಿದು ಜಾಗ ಮಾಡಿ, "ವಾಂಗ ಅಕ್ಕಾ, ಬನ್ನಿ, ಈ ಸಲ ಯಾರನ್ನ ಹಿಡ್ಕೊಂಡ್ ಬಂದ್ರಿ?" ಎಂದರು. ಅಲ್ಲೇ ಪಕ್ಕದ ಚಾಂಪಿಯನ್ ರೀಫ್ಸ್‌ನವರು, ಗಂಡ ಗಣಿಯಲ್ಲಿದ್ದವರಂತೆ. ದೊಡ್ಡತ್ತೆ ಪರಿಚಯವೇ ಇಲ್ಲದವರ ಹಾಗೆ ಮೇಲಿನ ಫ್ಯಾನು ನೋಡತೊಡಗಿದರು.

ಆಕೆ ನನ್ನ ಕಿವಿಯಲ್ಲಿ ಹೇಳಿದರು: "ನಿಮ್ಮತ್ತೆ ನನ್ನನ್ನ ಬಸ್ಸಲ್ಲಿ ಹಿಡಿದ್ರಮ್ಮಾ. ನೋವಂತ ಕೈನ ಸೆರಗೊಳಗೆ ಮುಚ್ಚಿಟ್ಟಿದ್ದೆ. ಜೇಬುಗಳ್ಳಿ ಅಂತ ಕೈ ಹಿಡಿದು ಎಳೆದೇ ಬಿಟ್ರು! ನಾನು ಅಯ್ಯಯ್ಯೋ ಅಂದೆ. ಬೆರಳು ನೋಡಿದ್ರು. ಆಮೇಲೆ ಬಿಡ್ಲೇ ಇಲ್ಲ, ಹಂಗೇ ಇಲ್ಲಿಗೆ ಎಳ್ಕೊಂಡ್ ಬಂದ್ರು." ಆ ಕಡೆ ಕುಳಿತ ತರಕಾರಿಯಮ್ಮ ನಕ್ಕರು. ಅವರು ಟೊಮೆಟೊವನ್ನು ಬೆರಳಲ್ಲಿ ಹಿಡಿಯಲಾಗದೆ ಎರಡು ಮಣಿಕಟ್ಟಿನಲ್ಲಿ ಬಾಚುತ್ತಿದ್ದರಂತೆ. ತಕ್ಕಡಿಯಲ್ಲಿ ಏನೋ ಕೈಚಳಕ ಎಂದು ದೊಡ್ಡತ್ತೆ ಸಂತೆಯಲ್ಲೇ ಜಗಳಕ್ಕೆ ನಿಂತಿದ್ದರಂತೆ.

ಆ ಬೆಂಚಿನ ಮೇಲೆ ನಾನು ಕಲಿತದ್ದು ಒಂದೆರಡಲ್ಲ. ಕರೆಯುವ ಮೊದಲು ಕೈಯನ್ನು ಬಿಸಿನೀರಲ್ಲಿ ಅದ್ದಿಟ್ಟುಕೊಳ್ಳಬೇಕು, ಡಬ್ಬಿ ಮುಚ್ಚಳ ತೆಗೆಯಲು ಒದ್ದೆ ಬಟ್ಟೆ ಸುತ್ತಬೇಕು, ಮಾತ್ರೆಯನ್ನು ಹುಷಾರಾದೆ ಎಂದು ನಿಲ್ಲಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಬಾರದ ಕೈ ಮಧ್ಯಾಹ್ನ ಬರುತ್ತದೆ ಎಂದರೆ ಅಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಎಷ್ಟು ದಿನದ ಮೇಲೆ ನಾನು ಉಸಿರು ಬಿಟ್ಟು ಕುಳಿತೆನೋ!

ನರ್ಸು ಬಂದು ಒಂದು ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಅದು ನಮ್ಮ ದೊಡ್ಡತ್ತೆಯ ಹೆಸರು.

"ಅತ್ತೆ, ನಿಮ್ಮನ್ನೇ..."

"ಅದೇ ಎಸ್ರು ಇನ್ಯಾರ್ದೋ ಇರ್ಬೋದು."

"ಬನ್ನಿ ಅಜ್ಜಿ, ಪ್ರತಿ ಸಲ ಇದೇ ಆಯ್ತು ನಿಮ್ದು" ಎಂದು ನರ್ಸು ತೋಳು ಹಿಡಿದು ಎಬ್ಬಿಸಿದಳು. ಅವರಾದ ಮೇಲೆ ನನ್ನ ಸರದಿ; ಡಾಕ್ಟರು ನನ್ನ ಗೆಣ್ಣುಗಳನ್ನೂ ಒತ್ತಿ ನೋಡಿ ಮಾತ್ರೆ ಬರೆದುಕೊಟ್ಟರು.

ವಾಪಸು ಬರುವಾಗ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ನಿನ್ ವಯಸ್ಸಲ್ಲೇ ಬಂತು. ಗಂಡನ ಮನೇಲಿ ಏಳ್ದೆ. ಕಳ್ಳಾಟ ಅಂದ್ರು. ಆಮೇಲೆ ಯಾರ್ಗೂ ಏಳ್ಲಿಲ್ಲ." ಅಷ್ಟೇ. ಬಸ್ಸಿನಲ್ಲಿ ಅವರ ಪಕ್ಕ ಸ್ವಲ್ಪ ಒತ್ತಿ ಕುಳಿತೆ. ಅನುಮಾನದಿಂದ ನೋಡಿದರು, ಸರಿಯಲಿಲ್ಲ.

ಅಂದು ಸಂಜೆ ನಮ್ಮ ಮನೆಗೆ ಬಂದು ಎಲ್ಲರನ್ನೂ ಕೂರಿಸಿ, ತಮ್ಮ ವಿಷಯ ನುಂಗಿಕೊಂಡು ನನ್ನದನ್ನಷ್ಟೇ ಹೇಳಿದರು: "ಇವ್ಳಿಗೆ ಕೀಲುವಾತ. ವಾಸಿಯಾಗಲ್ಲ, ಅತೋಟೀಲಿ ಇಡ್ಬೋದು. ಬೆಳಿಗ್ಗೆ ಕೈ ಬರಲ್ಲ ಅಂದ್ರೆ ಬರಲ್ಲ. ನಾನು ಪರೀಕ್ಷೆ ಮಾಡಿದೀನಿ." ದೊಡ್ಡತ್ತೆ ಪರೀಕ್ಷಿಸಿ ಪಾಸು ಮಾಡಿದ ನೋವಿಗೆ ಎದುರು ಮಾತಾಡುವ ಗಂಡಸು ನಮ್ಮೂರಲ್ಲಿ ಹುಟ್ಟಿಲ್ಲ! ಮರುದಿನದಿಂದ ಬೆಳಗಿನ ಹಾಲು ಯಜಮಾನರು ಕರೆಯುತ್ತಾರೆ, ಸಂಜೆಯದು ನಾನು. ಹಸು ನನ್ನದಾಗಿಯೇ ಉಳಿಯಿತು. ಯಜಮಾನರ ಹಾಲಿನ ಮೇಲೆ ದೊಡ್ಡತ್ತೆಗೆ ಈಗಲೂ ಗುಮಾನಿಯಿದೆ.

ಕಳೆದ ಚಳಿಗಾಲದಲ್ಲಿ ಒಂದು ಮುಂಜಾನೆ ಅವರಿಂದ ಫೋನು ಬಂತು. "ಬಾ" ಎಂದು ಇಟ್ಟುಬಿಟ್ಟರು. ಓಡಿದೆ. ಕೂದಲು ಬಿಚ್ಚಿಕೊಂಡು ಚಾಪೆಯ ಮೇಲೆ ಕುಳಿತಿದ್ದರು. ಡೈರಿಯ ಹೊತ್ತಾಗಿತ್ತು. ತೋಳು ಮೇಲೆತ್ತಲು ಆಗುತ್ತಿರಲಿಲ್ಲ. ಬಾಚಣಿಗೆಯನ್ನು ನನ್ನತ್ತ ತಳ್ಳಿ, ಬೆನ್ನು ತಿರುಗಿಸಿದರು.

ನನ್ನ ಬೆರಳುಗಳಿಗೂ ಅದು ಕೆಟ್ಟ ಹೊತ್ತೇ. ಬಾಚಣಿಗೆ ಎರಡು ಸಲ ಕೈಜಾರಿತು. ಬಿಳಿಗೂದಲನ್ನು ಮೂರು ಪಾಲು ಮಾಡಿ, ಅಂಗೈಯಲ್ಲಿ ಒತ್ತಿ ಹಿಡಿದು ಹೆಣೆದೆ. ಎಲ್ಲೋ ಶುರುವಾದ ಜಡೆ ಇನ್ನೆಲ್ಲೋ ಹೋಗಿ ಮುಗಿಯಿತು. ಅಂಥ ಸೊಟ್ಟ ಜಡೆಯನ್ನು ನಾನು ನೋಡಿಯೇ ಇರಲಿಲ್ಲ.

"ಎಂಗೈತೆ?"

"ಚೆನ್ನಾಗಿದೆ ಅತ್ತೆ. ನೆಟ್ಟಗಿದೆ."

ಕನ್ನಡಿ ಅವರ ಎದುರಿಗೇ ಗೋಡೆಗೆ ತೂಗುಹಾಕಿತ್ತು. ದೊಡ್ಡತ್ತೆ ಅದರ ಕಡೆ ನೋಡದೆ ಎದ್ದು, ಚಪ್ಪಲಿ ಮೆಟ್ಟಿ ಡೈರಿಗೆ ಹೊರಟರು.