ಮೂವತ್ತೆಂಟು ಪುಟದ ಜೀವನ

ಅಳಿಯ ಎರಡು ಕೀಗಳನ್ನು ಒಟ್ಟಿಗೆ ಮತ್ತೊಮ್ಮೆ ಒತ್ತಿದ. ಪರದೆಯ ಎಡ ಅರ್ಧದಲ್ಲಿ ಮಾವನ ಆತ್ಮಕತೆ ಕಾಲು ಚಾಚಿ ಮಲಗಿತ್ತು. ಬಲ ಅರ್ಧದಲ್ಲಿ ಪುಟಗಳು ಒಂದರ ಹಿಂದೊಂದು ಮೂಡಿ, ಥಟ್ಟನೆ ನಿಂತವು. ಕೆಳಗೆ ಸಣ್ಣ ಅಕ್ಷರದಲ್ಲಿ ವರದಿ ಬಂತು: ತಪ್ಪುಗಳು ಸೊನ್ನೆ, ಪುಟಗಳು ಮೂವತ್ತೆಂಟು.

ನಿನ್ನೆ ಸಂಜೆ ಅದೇ ಪುಸ್ತಕ ಇನ್ನೂರ ಹನ್ನೆರಡು ಪುಟ ಇತ್ತು.

ಅವನು ಮತ್ತೆ ಒತ್ತಿದ. ಮೂವತ್ತೆಂಟು. ಕುರ್ಚಿಯಿಂದ ಎದ್ದು, ಪ್ರೆಸ್ಸಿನ ಮೆಟ್ಟಿಲ ಕೆಳಗಿನ ತನ್ನ ಗೂಡಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ನೆಟ್ಟಗೆ ನಿಂತು, ಮತ್ತೆ ಕೂತು ಒತ್ತಿದ. ಮೂವತ್ತೆಂಟೇ.

ಪ್ರೆಸ್ಸಿನಲ್ಲಿ ಅವನಿಗೆ ಅಳಿಯ ಎಂಬ ಹೆಸರು ಬಿದ್ದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ಅವನು ಮಾವನ ಪುಸ್ತಕ ಬಿಟ್ಟು ಬೇರೆ ಮಾತಾಡಿರಲಿಲ್ಲ. ಮೊದಲೆಲ್ಲ ಪ್ರತಿ ಪುಟವನ್ನೂ ಮೌಸಿನಿಂದ ಎಳೆದು, ತಳ್ಳಿ, ಮುದ್ದು ಮಾಡಿ ಕೂರಿಸುತ್ತಿದ್ದ. ಈ ಪುಸ್ತಕಕ್ಕಾಗಿ ಹೊಸ ವಿದ್ಯೆ ಕಲಿತಿದ್ದ. ಬರಹವನ್ನು ಎಡಿಟರ್ ಎಂಬ ಸಾದಾ ತಂತ್ರಾಂಶದಲ್ಲಿ ಬರೆದುಕೊಳ್ಳುವುದು, ಇದು ಅಧ್ಯಾಯ, ಇದು ತಲೆಬರಹ ಎಂದು ಅಲ್ಲಲ್ಲಿ ಗುರುತು ಹಾಕುವುದು, ಎರಡು ಕೀ ಒತ್ತುವುದು. ಎಡಿಟರೇ ಪುಟ ಕಟ್ಟುವ ಯಂತ್ರಕ್ಕೆ ಅಪ್ಪಣೆ ಕೊಟ್ಟು, ಪುಟಸಂಖ್ಯೆ, ಪರಿವಿಡಿ ಎಲ್ಲ ಸಮೇತ ಪುಸ್ತಕ ತಂದು ಪಕ್ಕದಲ್ಲಿ ಇಡುತ್ತಿತ್ತು.

ಇವತ್ತು ಸಂಜೆ ಐದಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಬಿಡುಗಡೆ. ಪುಸ್ತಕದ ಕೊನೆಯ ಪುಟದಲ್ಲಿ, ಮನೆಯ ಮಹಡಿಯ ಕೋಣೆಯನ್ನು ಅಳಿಯನ ಸ್ವಂತ ಕೆಲಸಕ್ಕೆ ಬಿಟ್ಟುಕೊಟ್ಟಿದ್ದೇನೆ ಎಂದು ಮಾವ ಬರೆದಿದ್ದರು. ಬಾಯಿಮಾತಿಗೆ ಅವರ ಮನೆಯಲ್ಲಿ ಬೆಲೆ ಇರಲಿಲ್ಲ. ಅಚ್ಚಾದದ್ದು ಮಾತ್ರ ಮಾತು. ಎರಡು ಕಿಟಕಿ, ಒಂದು ಬಾಗಿಲು, ತಲೆ ತಾಗದ ಚಾವಣಿ. ಅಳಿಯ ಆ ಬಾಗಿಲಿಗೆ ಹಾಕುವ ಬೋರ್ಡಿನ ಅಕ್ಷರಗಳನ್ನೂ ಆರಿಸಿಯಾಗಿತ್ತು.

"ಏನೋ ಅಳಿಯ, ಮುಖ ಯಾಕೆ ಒದ್ದೆ ಕಾಗದದ ಥರ ಆಗಿದೆ?" ಪ್ರೂಫ್ ನೋಡುವ ಅಕ್ಕ ಒಳಗೆ ತಲೆ ಹಾಕಿದಳು.

"ಅಕ್ಕಾ, ನೂರಾ ಎಪ್ಪತ್ನಾಲ್ಕು ಪುಟ ಮಾಯ ಆಗಿದೆ."

"ಕದ್ದವರಿಗೆ ಮೊದಲೇ ಓದಿಸಿದ್ರೆ ಕದೀತಿರಲಿಲ್ಲ."

"ತಮಾಷೆ ಬೇಡಕ್ಕ. ಎಡಗಡೆ ನೋಡು, ಮಾವ ಪೂರ್ತಿ ಇದ್ದಾರೆ. ಬಲಗಡೆ ನೋಡು, ಅಷ್ಟೋ ಇಷ್ಟೋ ಇದ್ದಾರೆ."

ಅಕ್ಕ ಕನ್ನಡಕ ಏರಿಸಿ ನೋಡಿದಳು. "ಎಡಗಡೆ ಅಕ್ಷರ ಅರ್ಧಕ್ಕರ್ಧ ಬೂದುಬಣ್ಣ ಆಗಿದೆಯಲ್ಲೋ. ಧೂಳು ಕಣೋ ಇದು." ಅವಳು ಕರವಸ್ತ್ರ ತೆಗೆದು ಪರದೆಯನ್ನು ಗಸಗಸ ಉಜ್ಜಿದಳು. ಪರದೆ ಫಳಫಳಿಸಿತು. ಬೂದು ಅಕ್ಷರಗಳು ಇನ್ನಷ್ಟು ಸ್ಪಷ್ಟವಾಗಿ ಬೂದಾದವು.

"ಬೆಳಿಗ್ಗೆಯಿಂದ ಏನಾದ್ರೂ ಮುಟ್ಟಿದ್ಯಾ?"

"ಏನೂ ಇಲ್ಲ. ಮಾವ ಫೋನ್ ಮಾಡಿದ್ರು, ಒಂದು ಸಣ್ಣ ಬದಲಾವಣೆ."

ಮಾವ ಮೂವತ್ತನಾಲ್ಕು ವರ್ಷ ಅಂಕಿಅಂಶದ ಕಚೇರಿಯಲ್ಲಿದ್ದವರು. ಊಟಕ್ಕೆ ಏಳುತ್ತೀರಾ ಎಂದರೆ "ಹಸಿವು ನಲವತ್ತು ಪರ್ಸೆಂಟ್, ಇನ್ನೂ ಸ್ವಲ್ಪ ಹೊತ್ತು" ಎನ್ನುವವರು. ಬೆಳಿಗ್ಗೆ ಏಳು ಗಂಟೆಗೇ ಫೋನು ಬಂದಿತ್ತು.

"ಅಳಿಯಂದಿರೇ, ಶೇಕಡಾ ಅಂತ ಅಕ್ಷರದಲ್ಲಿ ಬರೆದಿದ್ದಕ್ಕೆ ತೂಕ ಬಂದಿಲ್ಲ. ಚಿಹ್ನೆ ಹಾಕಿಬಿಡಿ."

"ಎಲ್ಲಾ ಕಡೆನಾ ಮಾವ?"

"ನೂರಕ್ಕೆ ನೂರು."

ಅಳಿಯ ಎಡಿಟರಿಗೆ ಒಂದೇ ಅಪ್ಪಣೆ ಕೊಟ್ಟ: ಶೇಕಡಾ ಎಂಬ ಪದ ತೆಗೆ, ಅಂಕಿಯ ಬೆನ್ನಿಗೆ % ಅಂಟಿಸು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಆರುನೂರ ಹನ್ನೊಂದು ಕಡೆ ಬದಲಾಯಿತು. ತನ್ನ ವಿದ್ಯೆಗೆ ತಾನೇ ತಲೆದೂಗಿದ್ದ.

"ಅಷ್ಟಕ್ಕೆಲ್ಲ ಪುಟ ಹೋಗುತ್ತಾ," ಎಂದಳು ಅಕ್ಕ. ಅವನಿಗೂ ಹಾಗೇ ಅನಿಸಿತ್ತು. ಒಂದು ಪದ ಹೋಗಿ ಒಂದು ಚಿಹ್ನೆ ಬಂದರೆ ನಾಲ್ಕು ಪುಟ ಇಳಿಯಬಹುದು, ಹೆಚ್ಚೆಂದರೆ ಐದು.

ಮಾತು ಕೇಳಿಸಿಕೊಂಡು ಮಷೀನಿನವನು ಬಂದ. ಅವನ ಕೈಯ ಮಸಿ ಯಾವ ಸೋಪಿಗೂ ಬಗ್ಗಿರಲಿಲ್ಲ. "ಅದಕ್ಕೆ ಮೆತ್ತಗೆ ಒತ್ತಿದ್ರೆ ಗೊತ್ತಾಗಲ್ಲ," ಎಂದು ಹೇಳಿ ಎರಡೂ ಕೀಗಳನ್ನು ಎರಡು ಹೆಬ್ಬೆರಳಿನಿಂದ ಅದುಮಿ ಹಿಡಿದ. ಪುಸ್ತಕ ಹದಿನಾಲ್ಕು ಸಲ ತಯಾರಾಯಿತು. ಹದಿನಾಲ್ಕು ಸಲವೂ ಮೂವತ್ತೆಂಟು ಪುಟ.

"ನೋಡು, ಯಂತ್ರ ಮಾತು ತಪ್ತಾ ಇಲ್ಲ," ಎಂದ. "ನಿನ್ನೆ ಲೆಕ್ಕಾನೇ ತಪ್ಪಿರಬೇಕು."

ಕೊನೆಗೆ ಯಜಮಾನರೇ ಬಂದರು. ಪರದೆಯತ್ತ ಬಗ್ಗಿ, ಓದಬೇಕಾದದ್ದನ್ನು ಮಾತ್ರ ಓದಿದರು. "ತಪ್ಪುಗಳು ಸೊನ್ನೆ ಅಂತ ಅದೇ ಹೇಳ್ತಾ ಇದೆಯಲ್ಲಪ್ಪ. ಮತ್ತೆ ನಿಂದೇನು ಅನುಮಾನ?"

"ಸರ್, ಪುಸ್ತಕ ತೆಳ್ಳಗಾಗಿದೆ."

"ದಪ್ಪ ಕಾಗದ ಹಾಕೋಣ. ಮೂರು ಗಂಟೆ ಮೇಲೆ ಮಷೀನು ಬೇರೆ ಕೆಲಸಕ್ಕೆ ಬೇಕು, ತಿಳ್ಕೋ."

ಆಗ ಹೆಂಡತಿಯ ಫೋನು ಬಂತು. ಗೂಡಿನೊಳಗೆ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವನು ಬೀದಿಗೆ ಹೋದ.

"ಅಪ್ಪ ಈಗಲೇ ಹೊಸ ಶರ್ಟು ಹಾಕ್ಕೊಂಡು ಕೂತಿದ್ದಾರೆ ರೀ. ಒರಗಿದ್ರೆ ಸುಕ್ಕಾಗುತ್ತೆ ಅಂತ ನೆಟ್ಟಗೆ ಕೂತಿದ್ದಾರೆ."

"ಆಯ್ತು, ತರ್ತೀನಿ ಕಣೆ."

"ನನ್ನ ತಮ್ಮ ಡಂಬೆಲ್ಲೆಲ್ಲ ಮೆಟ್ಟಿಲ ಹತ್ರ ತಂದಿಟ್ಟಿದ್ದಾನೆ. ಕೋಣೆ ವಿಷಯ ಅಚ್ಚಲ್ಲಿ ಬರದಿದ್ರೆ ನಂದೇ ಅಂತಾನೆ."

"ಬರುತ್ತೆ ಅಂದ್ನಲ್ಲ."

"ನೀವು ಬರುತ್ತೆ ಅಂದಾಗಲೆಲ್ಲ ನಂಗೆ ಭಯ ಆಗುತ್ತೆ."

ಈ ಭಯದ ಬಗ್ಗೆ ಗಂಡಹೆಂಡಿರು ಅರ್ಧ ಗಂಟೆ ಮಾತಾಡಿದರು. ಅವನು ವಾಪಸು ಬಂದಾಗ ಪ್ರೆಸ್ಸು ಗಡಗಡ ಎನ್ನುತ್ತಿತ್ತು.

"ಏನ್ ಅಣ್ಣ ಇದು?"

"ನಿನ್ನ ಮಾವ," ಎಂದ ಮಷೀನಿನವನು. "ಯಜಮಾನರು ಹೊಡಿ ಅಂದ್ರು, ಹೊಡೀತಾ ಇದೀನಿ. ಐವತ್ತು ಪ್ರತಿ. ಒಳ್ಳೆ ಕಾಗದ, ಹಪ್ಪಳದ ಥರ ನಿಲ್ಲುತ್ತೆ."

ಅಳಿಯ ಗೂಡಿಗೆ ಓಡಿ ಪರದೆಯ ಮುಂದೆ ಕೂತ. ಅಕ್ಕ ಉಜ್ಜಿದ ಗಾಜಿನಲ್ಲಿ ಅಕ್ಷರಗಳು ಚೊಕ್ಕವಾಗಿದ್ದವು. ಮೊದಲ ಪ್ಯಾರಾ ಕಪ್ಪಗೆ ಶುರುವಾಗಿ, ಒಂದು % ತನಕ ಬಂದು, ಅಲ್ಲಿಂದಾಚೆ ಬೂದಾಗಿತ್ತು. ಎರಡನೆಯದೂ ಹಾಗೇ. ಮೂರನೆಯದೂ. ಅವನು ಹೊಸ ವಿದ್ಯೆಯ ಪುಸ್ತಕವನ್ನು ತೆಗೆದು, ಓದದೆ ಹಾರಿಸಿದ್ದ ಎರಡನೆಯ ಪಾಠ ತೆರೆದ. ಆ ಚಿಹ್ನೆ ಕಂಡರೆ ಯಂತ್ರ, ಇಲ್ಲಿಂದ ಸಾಲಿನ ಕೊನೆಯವರೆಗೆ ಇರುವುದು ಬರೆದವನ ಖಾಸಗಿ ಟಿಪ್ಪಣಿ, ಅಚ್ಚಿಗಲ್ಲ ಎಂದುಕೊಳ್ಳುತ್ತದಂತೆ. ಮಾವ ಒಂದು ಪ್ಯಾರಾವನ್ನು ಒಂದೇ ಉದ್ದ ಸಾಲಾಗಿ ಟೈಪ್ ಮಾಡುವವರು. ಯಾವ ಪ್ಯಾರಾದಲ್ಲೂ ಶೇಕಡಾ ಇಲ್ಲದೆ ಎರಡು ವಾಕ್ಯ ಮುಂದೆ ಹೋದವರಲ್ಲ.

ಇದು ಅಚ್ಚಿಗೇ ಎಂದು ಯಂತ್ರಕ್ಕೆ ತಿಳಿಸಲು ಚಿಹ್ನೆಯ ಮುಂಚೆ ಒಂದು ಓರೆಗೆರೆ ಹಾಕಿದರೆ ಸಾಕಿತ್ತು. ಒಂದು ಅಪ್ಪಣೆಯಲ್ಲಿ ಆರುನೂರ ಹನ್ನೊಂದು ಕಡೆಯೂ ಹಾಕಿ, ಎರಡು ಕೀ ಒತ್ತಿದ. ಇನ್ನೂರ ಒಂಬತ್ತು ಪುಟ.

"ಸರ್, ಸಿಕ್ತು! ಇನ್ನೊಂದ್ಸಲ ಹೊಡೀಬೇಕು!"

"ಗಂಟೆ ಎಷ್ಟು?" ಎಂದರು ಯಜಮಾನರು.

ಮೂರೂಕಾಲು. ಮಷೀನಿನಲ್ಲಿ ಆಗಲೇ ಔಷಧಿ ಅಂಗಡಿಯ ರಶೀದಿ ಪುಸ್ತಕ ಓಡುತ್ತಿತ್ತು.

ಆಫೀಸಿನ ಪ್ರಿಂಟರಿನಲ್ಲಿ ಪೂರ್ತಿ ಪುಸ್ತಕದ ಒಂದೇ ಒಂದು ಪ್ರತಿ ತೆಗೆದು, ದಾರ ಕಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡು, ತೆಳ್ಳನೆಯ ಐವತ್ತು ಪ್ರತಿಗಳ ಪೆಟ್ಟಿಗೆ ಹೊತ್ತು ಅವನು ಸಭಾಂಗಣ ಸೇರುವಾಗ ಐದಕ್ಕೆ ಹತ್ತು ನಿಮಿಷವಿತ್ತು. ಮಾವನಿಗೆ ವಿಷಯ ಹೇಳಬೇಕೆಂದು ವೇದಿಕೆಯತ್ತ ಹೋದ. ಅಷ್ಟರಲ್ಲಿ ಬಾಮೈದ ಪೆಟ್ಟಿಗೆ ಒಡೆದು ಪ್ರತಿಗಳನ್ನು ಹಂಚಿಯೇಬಿಟ್ಟ. ಮಾವ ತಮ್ಮ ಪ್ರತಿ ತೆರೆದರು. ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು. ಮುಖ ಸುಣ್ಣವಾಯಿತು. ಮೈಕಿನ ಮುಂದೆ ಬೈಯುವಂತಿರಲಿಲ್ಲ, ಕಣ್ಣಿನಲ್ಲೇ ಬೈದರು.

ಪುಸ್ತಕದ ಬಗ್ಗೆ ಮಾತಾಡಲು ಬಂದವರು ನಿವೃತ್ತ ಪ್ರೊಫೆಸರು. ಎಂಥ ಪುಸ್ತಕವನ್ನೂ ಹೊಗಳದೆ ಇರುವುದು ಅವರ ಖ್ಯಾತಿ. ಅವರು ಎದ್ದು, ಗಂಟಲು ಸರಿಮಾಡಿಕೊಂಡು, ಓದಿದರು.

"'ಮದುವೆಯ ದಿನ ನನಗಿದ್ದ ಧೈರ್ಯ 12.'"

ಪುಸ್ತಕದಿಂದ ತಲೆಯೆತ್ತಿ ಸಭೆಯನ್ನು ನೋಡಿದರು.

"ಹನ್ನೆರಡು," ಎಂದರು ಪ್ರೊಫೆಸರು. "ಎಷ್ಟರಲ್ಲಿ ಹನ್ನೆರಡು? ಹೇಳೋದಿಲ್ಲ ಇವರು! ಅಲ್ಲಿಗೇ ನಿಲ್ಲಿಸ್ತಾರೆ."

ಮೂಲದಲ್ಲಿ ಮಾವ ನಿಲ್ಲಿಸಿರಲಿಲ್ಲ. ಆ ಹನ್ನೆರಡನ್ನು ಲೆಕ್ಕ ಹಾಕಿದ ವಿಧಾನ ಮುಂದೆ ಒಂದೂವರೆ ಪುಟ ಇತ್ತು.

"'ನನ್ನ ಮೇಲಧಿಕಾರಿ ನನ್ನನ್ನು ಅರ್ಥಮಾಡಿಕೊಂಡದ್ದು 3.'"

"ಅಯ್ಯೋ ಪಾಪ," ಎಂದಿತು ಹಿಂದಿನ ಸಾಲಿನ ಒಂದು ದನಿ.

"'ನನ್ನ ಹೆಂಡತಿ ನನಗೆ ಕೊಟ್ಟ ನೆಮ್ಮದಿ 90.'"

ಮುಂದಿನ ಸಾಲಿನಲ್ಲಿ ಅತ್ತೆ ಕಣ್ಣೊರೆಸಿಕೊಂಡರು. ಉಳಿದ ಹತ್ತನ್ನು ಆಕೆ ಹೇಗೆ ಬಡ್ಡಿಸಮೇತ ವಸೂಲು ಮಾಡಿದಳು ಎಂಬ ಮುಂದಿನ ಭಾಗ ಅಳಿಯನ ಕಂಕುಳಲ್ಲಿತ್ತು.

"ನಾನು ಓದಿದ ಆತ್ಮಕತೆಗಳಲ್ಲೆಲ್ಲ ವಿವರಣೆ, ವಿವರಣೆ, ವಿವರಣೆ," ಎಂದರು ಪ್ರೊಫೆಸರು. "ಒಬ್ಬರಾದ್ರೂ ಬಾಯಿ ಮುಚ್ಚಿದ್ದಾರಾ? ಇವರು ಮುಚ್ಚಿದ್ದಾರೆ! ಸಭೆ ಶುರುವಾಗೋ ಮುಂಚೆ ಈ ಕುರ್ಚಿಯಲ್ಲೇ ಕೂತು ಪೂರ್ತಿ ಓದಿ ಮುಗಿಸಿದೆ. ಇನ್ನೊಂದು ಅಕ್ಷರ ಇದ್ದಿದ್ರೂ ಕೆಡ್ತಿತ್ತು."

ಚಪ್ಪಾಳೆ ಬಿತ್ತು. ಮಾವನ ಮುಖಕ್ಕೆ ಬಣ್ಣ ನಿಧಾನವಾಗಿ ವಾಪಸು ಬಂತು, ಬಂದು ಅಲ್ಲೇ ನೆಲೆಯಾಯಿತು. ಜನ ಸಹಿಗಾಗಿ ಸಾಲು ನಿಂತರು. ಮೂವತ್ತನಾಲ್ಕು ವರ್ಷದಲ್ಲಿ ಅವರ ಸಹಿಗಾಗಿ ಯಾರೂ ನಗುನಗುತ್ತಾ ಸಾಲು ನಿಂತಿರಲಿಲ್ಲ.

ಬಾಮೈದ ಅಳಿಯನ ಹೆಗಲ ಮೇಲೆ ಕೈಯಿಟ್ಟ. "ಭಾವ, ಕೊನೇ ಪುಟ ನೋಡಿದೆ. 'ಈ ಪುಸ್ತಕದ ಕೆಲಸ 100.' ಸೂಪರ್! ಆದ್ರೆ ಕೋಣೆ ವಿಷಯ ಎಲ್ಲೂ ಇಲ್ವಲ್ಲ?"

ಅಳಿಯ ಸಾಲನ್ನು ಮುರಿದು ಮಾವನ ಪಕ್ಕ ಹೋದ. ದಾರ ಬಿಚ್ಚಿ, ಕಟ್ಟನ್ನು ಮೇಜಿನ ಮೇಲಿಟ್ಟ.

"ಮಾವ, ಇದೇ ನಿಮ್ಮ ಪೂರ್ತಿ ಪುಸ್ತಕ. ಇನ್ನೂರ ಒಂಬತ್ತು ಪುಟ, ಒಂದು ಅಕ್ಷರಾನೂ ಬಿಟ್ಟಿಲ್ಲ. ಬೆಳಿಗ್ಗೆ ಆಗಿದ್ದು ನನ್ನದೇ ತಪ್ಪು. ನಾಳೆ ಬೆಳಿಗ್ಗೆ ಹೋಗಿ ಇದನ್ನೇ ಹೊಡೆಸಿಬಿಡ್ತೀನಿ."

ಮಾವ ಕಟ್ಟಿನ ಮೇಲೆ ಕೈಯಿಟ್ಟು ದಪ್ಪ ನೋಡಿದರು. ಮೂರು ಹೆಜ್ಜೆ ಆಚೆ ಪ್ರೊಫೆಸರು ಅತ್ತೆಯವರಿಗೆ ಮೌನದ ಮಹತ್ವ ವಿವರಿಸುತ್ತಿದ್ದರು.

"ಹೋಗ್ಲಿ ಮಾವ, ಕೊನೇ ಪುಟ ಒಂದನ್ನಾದ್ರೂ ಅಂಟಿಸ್ತೀನಿ. ಮೂರೇ ಸಾಲು."

ಮಾವ ಕೊನೆಯ ಪುಟ ತೆಗೆದರು. ಮೂರು ಸಾಲನ್ನೂ ತುಟಿ ಆಡಿಸುತ್ತಾ ಓದಿದರು. ಆಮೇಲೆ ಹಾಳೆಯನ್ನು ಕಟ್ಟಿನೊಳಗೆ ಸೇರಿಸಿ, ಇಡೀ ಕಟ್ಟನ್ನು ಅಳಿಯನ ಕಡೆಗೆ ತಳ್ಳಿ, ಪೆನ್ನಿನ ಕ್ಯಾಪು ತೆಗೆದರು.

"ಬೇಡ," ಎಂದರು. "ವಿವರಣೆ ಜಾಸ್ತಿ ಆಯ್ತು."